ಮೂರನೇ ಗೂಡು

ಪೋತಿ ಬಂದರು. ರಾತ್ರಿ ಎರಡು ದಾಟಿದೆ.
ಲಾರಿಗಳ ತೂಕ ಬರೆದಿಡುವ ಯಂತ್ರ
ಮೂರನೇ ಗೂಡಿನಲ್ಲಿ ಕಿತ್ತಳೆ ದೀಪ ಹಚ್ಚಿಕೊಂಡು ಕೂತಿದೆ.
ನಾನು ನೆಲದ ಮೇಲೆ. ಮಂಡಿಯ ಕೆಳಗೆ ಮಡಿಸಿದ ಜಾಕೆಟ್ಟು,
ಬಾಯಲ್ಲಿ ಟಾರ್ಚು.

ಕಂಟ್ರೋಲರ್ ಒಬ್ಬ ಗುಮಾಸ್ತ.
ಕಂಡದ್ದು ಬರೆಯುತ್ತಾನೆ, ಯಾಕೆಂದು ಕೇಳುವವನಲ್ಲ.
೧:೧೭. ಮೂರನೆಯವನು ಓಗೊಡುತ್ತಿಲ್ಲ.
೧:೧೭. ಮತ್ತೆ ಕರೆದೆ.
೧:೧೮. ಬಂದ.
೧:೩೧. ಹೋದ.
೧:೩೧. ಸತ್ತನೆಂದು ನಮೂದಿಸಲಾಗಿದೆ.
ಹಾಜರಿ ಪುಸ್ತಕದಲ್ಲಿ ಸಾಯುವುದು ಎಷ್ಟು ಸುಲಭ.

ಈ ವರ್ಷ ಅದೇ ಗೂಡಿನಲ್ಲಿ ಇದು ನಾಲ್ಕನೆಯದು.
ಮಾರ್ಚಿನಲ್ಲಿ ಒಂದು ಎಳೆದೆ, ಮೇ ತಿಂಗಳಲ್ಲಿ ಒಂದು,
ಆಗಸ್ಟಿನಲ್ಲಿ, ಕಪ್ಪೆಗಳ ಗದ್ದಲಕ್ಕೆ ಕಿಟಕಿ ಮುಚ್ಚಿದ ರಾತ್ರಿ,
ಇನ್ನೊಂದು.
ಹೊಸ ಡಿಸ್ಕು ಕಟಕ್ಕೆಂದು ಕೂತು, ಗಿರ್ರನೆ ತಿರುಗಿ,
ಹೊಸ ಸೊಸೆಯ ಹಾಗೆ ಎರಡು ತಿಂಗಳು
ಹಸಿರಾಗಿ, ಸದ್ದಿಲ್ಲದೆ, ಹೇಳಿದ್ದು ಮಾಡಿಕೊಂಡು ಇರುತ್ತಿತ್ತು.
ಆಮೇಲೆ ಕಿತ್ತಳೆ.
ಕಾಲ್ಗುಣ ಸರಿಯಿಲ್ಲ ಅಂದೆವು.
ಅಗ್ಗದ ಮಾಲು ಅಂದರು ನಿರ್ದೇಶಕರು. ತಲೆಯಾಡಿಸಿದವಳು ನಾನೇ.

ಮೊದಲ ಎರಡಕ್ಕೆ ಡ್ರಿಲ್ ಹಿಡಿದವಳೂ ನಾನೇ.
ಸತ್ತ ಡಿಸ್ಕಿನಿಂದ ಯಾರೂ ಲೆಕ್ಕ ಕದಿಯಬಾರದು, ಅದು ನಿಯಮ.
ಒಳಗಿನ ತಟ್ಟೆ ಕನ್ನಡಿಯಷ್ಟು ನುಣುಪು.
ಅದರಲ್ಲಿ ನನ್ನ ಹುಬ್ಬು ಕಂಡಿತು, ಕಣ್ಣು ಕಂಡಿತು,
ಆಮೇಲೆ ತೂತು ಕಂಡಿತು.

ಇವತ್ತು ಬಿಡಿ ಡಿಸ್ಕಿಲ್ಲ.
ಇದ್ದಿದ್ದರೆ ತಳ್ಳಿ, ದೀಪ ಆರಿಸಿ,
ಮನೆಗೆ ಹೋಗಿ ಮಲಗಿರುತ್ತಿದ್ದೆ.
ಇಲ್ಲದ್ದಕ್ಕೆ ಯೋಚನೆ ಬಂತು:
ಏಳನೇ ಗೂಡು ಖಾಲಿ. ಅದಕ್ಕೆ ಬೇರೆ ಕೇಬಲ್ಲು.
ಸತ್ತವನನ್ನು ಎತ್ತಿ ಅಲ್ಲಿ ಕೂರಿಸಿದೆ.

೨:೨೬. ಏಳರಲ್ಲಿ ಹೊಸಬ. ಆರೋಗ್ಯ ಉತ್ತಮ.

ಆಗ ಓದಿದೆ, ಪ್ರತಿ ಡಿಸ್ಕೂ ತನ್ನ ಹೊಟ್ಟೆಯೊಳಗೆ
ತಾನೇ ಬರೆದುಕೊಳ್ಳುವ ಚೀಟಿಯನ್ನು.
ಒಳಗಿನ ಗಾಯ: ಸೊನ್ನೆ.
ದಾರಿಯಲ್ಲಿ ಮುಗ್ಗರಿಸಿದ್ದು: ಹದಿನಾಲ್ಕು ಸಾವಿರದ ಚಿಲ್ಲರೆ.
ಮಾರ್ಚಿನದೂ ಹೀಗೇ ಎಣಿಸಿಕೊಂಡಿತ್ತೇನೋ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಆರರವರೆಗೆ ಗೇಟು ತೆಗೆಯುವುದಿಲ್ಲ.
ಯಂತ್ರ ನಿಲ್ಲಿಸಿದೆ. ಫ್ಯಾನುಗಳು ನಿಂತ ಮೇಲೆ
ಕೋಣೆಗೆ ಇಷ್ಟು ಸಮುದ್ರವಿತ್ತೆಂದು ತಿಳಿಯಿತು.
ನಾಲ್ಕು ಡಿಸ್ಕುಗಳಿಗೆ ಒಂದೇ ಕೇಬಲ್ಲು. ಬಿಗಿಪಟ್ಟಿ ಒತ್ತಿ ಎಳೆದೆ.
ತುದಿಯಲ್ಲಿ ಚಿನ್ನದ ಹಲ್ಲಿನ ಸಾಲು,
ಅದರಲ್ಲೊಂದಕ್ಕೆ ಕಪ್ಪು ಹುಳುಕು.
ಉಪ್ಪುಗಾಳಿ ಯಾರ ಅನುಮತಿಯೂ ಕೇಳದೆ
ದಿನಕ್ಕೆ ಒಂದು ಕೂದಲಿನಷ್ಟು ತಿಂದಿದೆ.

ಬಾಗಿಲಲ್ಲಿ ಜೋಂಡಿ, ಪಾಳಿಯ ಕಾವಲುಗಾರ,
ಪದಬಂಧದ ಮೇಲೆ ಬಗ್ಗಿದ್ದಾನೆ.
"ಪೆನ್ಸಿಲ್ ಕೊಡು."
"ಉತ್ತರ ಗೊತ್ತಾಯಿತೇ?"
"ಹಿಂಬದಿ ಬೇಕು, ರಬ್ಬರು."
ಅವನು ಕೊಡುವ ಮೊದಲು ಅಂಗಿಗೆ ಒರೆಸಿದ, ಪುಣ್ಯಾತ್ಮ.
ಹಗುರವಾಗಿ ಉಜ್ಜಿದೆ. ಕಪ್ಪು ಸುರುಳಿಗಳು ಉದುರಿದವು,
ಮಗುವಿನ ತಪ್ಪು ಲೆಕ್ಕದಿಂದ ಉದುರುವಂಥವೇ.

ಕೇಬಲ್ಲು ಕೂತಿತು. ಡಿಸ್ಕು ತನ್ನ ಹಳೆಯ ಮನೆಗೆ ಮರಳಿತು.
ಮರುಕಟ್ಟುವಿಕೆ: ಒಂದು ಪ್ರತಿಶತ. ಎರಡು.
ಜೋಂಡಿ ಜೋಳದ ರೊಟ್ಟಿ ಮುರಿದು ಗಿಣ್ಣಿನೊಡನೆ ಕೊಟ್ಟ.
ಕಣ್ಣು ನೆಟ್ಟು ಕಾಯುವಾಗ ಹಾಲು ಉಕ್ಕುವುದಿಲ್ಲ.
ಹನ್ನೊಂದರಲ್ಲಿ ನಿದ್ದೆ ಹೋದೆ.

ಆರಕ್ಕೆ ಮೊದಲ ಲಾರಿ, ಹೇಜಲ್ ಕಾಯಿ ಹೊತ್ತದ್ದು,
ತೂಕದ ಹಲಗೆ ಹತ್ತಿತು. ಸಂಖ್ಯೆ ಬಂತು.
ಇನ್ನೂ ಕಟ್ಟುತ್ತಲೇ ಇದ್ದ ಯಂತ್ರ
ಅದನ್ನು ತುಂಡು ಮಾಡಿ ಹಂಚಿ ಬರೆದುಕೊಂಡಿತು.

ಹೊಸ ಕೇಬಲ್ಲಿಗೆ ಬರೆದು ಕಳಿಸಿದೆ. ರಬ್ಬರು ಮದ್ದಲ್ಲ.
ಡ್ರಾಯರಿನಲ್ಲಿ ಆಗಸ್ಟಿನ ಡಿಸ್ಕಿತ್ತು,
ಡ್ರಿಲ್ಲಿಗೆ ಪುರಸೊತ್ತಾಗದೆ ಉಳಿದದ್ದು.
ನನ್ನದೇ ಕೈಬರಹದ ಚೀಟಿ, 'ಸತ್ತಿದೆ',
ಉಗುರಿನಿಂದ ಕೆರೆದೆ. ಅರ್ಧ ಬಂತು.

ವರದಿಯ ನಮೂನೆಯಲ್ಲಿ ಒಂದು ಕಾಲಂ: 'ದೋಷಿ ಭಾಗ'.
ಕೇಬಲ್ಲು ಎಂದು ಬರೆದೆ.
ಕೆಳಗೆ ಇನ್ನೂ ಎರಡು ಗೆರೆ ಜಾಗವಿತ್ತು.
ಜೋಂಡಿ ಪೆನ್ಸಿಲ್ ವಾಪಸು ಕೇಳಿದ.