ಬಿಸಿ ನೆಲ

ಕಮಲದ ಚಿತ್ರವಿದ್ದ ಹಳೇ ಇಪ್ಪತ್ತು ಪೈಸೆ
ಯಾವಾಗಲೂ ನನ್ನ ಜೇಬಲ್ಲಿ, ಹಿತ್ತಾಳೆಯದು.
ಅದರಂಚಿನಿಂದ ಒಂದೊಂದೇ ಬಿಲ್ಲೆ ಬಡಿದು
ಕಿವಿಗೊಡುತ್ತೇನೆ.
ಟಣ್ ಅಂದರೆ ನೆಲ ಹಿಡಿದಿದೆ,
ಡಬ್ ಅಂದರೆ ಕೆಳಗೆ ಟೊಳ್ಳು.
ಖಮರಬಿಯವರ ಬಚ್ಚಲಲ್ಲಿ ಹನ್ನೊಂದು ಡಬ್.

ಮಂಡಕ್ಕಿ ಭಟ್ಟಿಗೂ ಬಚ್ಚಲಿಗೂ ಒಂದೇ ಗೋಡೆ.
ಜಾವ ಮೂರಕ್ಕೆ ಬುಡೇನ್‌ಸಾಬ್ ಒಲೆಗೆ ಹೊಟ್ಟು ಸುರಿದರೆ
ಹೊಗೆ ಈ ನೆಲದಡಿಯ ಕೊಳವೆಯಲ್ಲಿ ತೆವಳಿ
ಆಚೆಯ ಚಿಮಣಿ ಹತ್ತುತ್ತದೆ.
ಐದಕ್ಕೆ ವಜೂ ಮಾಡಲು ಬಂದ ಎಪ್ಪತ್ತರ ಪಾದಕ್ಕೆ
ಈಗಷ್ಟೇ ಯಾರೋ ಎದ್ದುಹೋದ
ಹಾಸಿಗೆಯ ಹಾಗೆ, ನೆಲ.

ದಾವಣಗೆರೆಯ ಬಿಸಿಲು ಸಾಲದೇನಮ್ಮ ಅಂತ ನಕ್ಕೆ.
‘ಸಂಕ್ರಾಂತಿ ಮುಂದಿನ ಚಳಿ
ನಿನ್ನ ಮಂಡಿಗಿನ್ನೂ ಗೊತ್ತಿಲ್ಲ ತಿಪ್ಪೇಶಿ,
ಮುಚ್ಕೊಂಡು ಕೆಲಸ ನೋಡು.’

ಬಿಲ್ಲೆ ಕಾದರೆ ಹಿಗ್ಗುತ್ತದೆ, ಕೂದಲೆಳೆಯಷ್ಟು.
ಹಿಗ್ಗುವುದಕ್ಕೆ ಯಾರೂ ಜಾಗ ಬಿಟ್ಟಿಲ್ಲ ಇಲ್ಲಿ.
ಅಂಚಿಗೆ ಅಂಚು ಒತ್ತಿ, ಗೋಡೆಗೆ ತುರುಕಿ,
ನೋಡುವವರಿಗೆ ಚಂದ ಕಂಡರಾಯಿತು ಅಂತ.
ಬಿರುಕು ಬಾಗಿಲಲ್ಲಿ ಹುಟ್ಟಿ
ಮೋರಿ ತೂತಿನ ಹತ್ತಿರ ಕವಲೊಡೆದು
ಹಳೇಪೇಟೆ ಸಂದಿಗಳ ಹಾಗೆ ಸುತ್ತಿ
ಬಕೆಟ್ಟಿಡುವ ಮೂಲೆಯಲ್ಲಿ ಸುಮ್ಮನಾಗಿದೆ.

ಉಳಿ ಇಟ್ಟು ಎಬ್ಬಿಸುತ್ತ ಬಂದೆ.
ಐದನೆಯದರ ಅಡಿಯ ಗಾರೆ
ಹಿಡಿದರೆ ಪುಡಿ.
ಕರ್ರನೆಯ, ನುಣ್ಣನೆಯ ಮರಳು. ಹೊಳೆಯದಲ್ಲ.
ಹುರಿದ ಮರಳು.
ನಡುವೆ ಒಂದು ಮಂಡಕ್ಕಿ ಕಾಳು,
ಅರಳದೆ ಸೀದದ್ದು.

ಕುಕ್ಕರುಗಾಲಲ್ಲಿದ್ದವನು ಕೂತೇಬಿಟ್ಟೆ.

ಇಪ್ಪತ್ತೆರಡು ವರ್ಷದ ಕೆಳಗೆ
ಈ ಮನೆಯ ಬಾಗಿಲು ಉತ್ತರಕ್ಕಿತ್ತು,
ಅದಕ್ಕೇ ಗುರುತು ಸಿಗಲಿಲ್ಲ.
ಅಂಜಿನಪ್ಪ ಮೇಸ್ತ್ರಿ ಒಬ್ಬ ಹುಡುಗನ ಕೈಗೆ ದುಡ್ಡಿಟ್ಟು
ನಾಲ್ಕು ಚೀಲ ಹರಿಹರದ ಮರಳು ತಾರೋ ಅಂದಿದ್ದ.
ಹುಡುಗ ಭಟ್ಟಿಯವರು ಬೀದಿಗೆ ಚೆಲ್ಲಿದ ಗುಡ್ಡೆಯಿಂದ
ನಾಲ್ಕೂ ಚೀಲ ತುಂಬಿ, ಬಾಯಿ ಹೊಲಿದು ತಂದ.
ದುಡ್ಡಲ್ಲಿ ಒಂದು ಮ್ಯಾಟ್ನಿ, ಎರಡು ಪ್ಲೇಟ್ ನರ್ಗೀಸ್.
ಹುಡುಗನ ಹೆಸರು ಯಾಕೆ ಬಿಡಿ.

‘ಏನು ಸಿಕ್ತು?’ ಬಾಗಿಲಲ್ಲಿ ಖಮರಬಿ.
ಏನಿಲ್ಲಮ್ಮ, ಮರಳು.
ಬಗ್ಗಿ ಒಂದು ಚಿಟಿಕೆ ಎತ್ತಿ, ಉಜ್ಜಿ, ಮೂಸಿ,
‘ಅದಕ್ಕೇ ಅಂತೀನಿ,
ಒಲೆ ಆರಿದರೂ ಹತ್ತು ಗಂಟೆ ತನಕ ಕಾವು ನಿಲ್ತಿತ್ತು’
ಅಂದರು. ಚಾ ತರಲು ಹೋದರು.

ಗಾರೆ ಬಿಗಿಯಬೇಕು, ಮೂರು ದಿನ ಒಲೆ ಹಚ್ಚಬೇಡಿ ಅಂದೆ.
ದಿನಕ್ಕೆ ಇಪ್ಪತ್ತು ಚೀಲ ಮಂಡಕ್ಕಿ ನಿಮ್ಮಪ್ಪ ಕೊಡ್ತಾನೇನೋ
ಅಂತ ಬುಡೇನ್‌ಸಾಬ್.
ಖಮರಬಿ ಗೋಡೆಗೆ ಮುಖ ಕೊಟ್ಟು ಕೂಗಿದ್ದೆಲ್ಲ ಉರ್ದು;
‘ನೀನು ಹುಟ್ಟಿದ ರಾತ್ರಿ’ ಅನ್ನುವಷ್ಟು ನನಗೂ ತಿಳಿಯಿತು.
ಅವನು ಎರಡು ದಿನಕ್ಕೆ ಒಪ್ಪಿದ.

ನೀಲಿ ಹೂವಿನ ಆ ಬಿಲ್ಲೆ ಈಗ ಯಾವ ಅಂಗಡಿಯಲ್ಲೂ ಇಲ್ಲ.
ಕೊನೆಗೆ ಉಳಿದ ಮಾಲು, ಹನ್ನೊಂದು, ಬೂದು ಬಣ್ಣ.
ತೇಪೆ ಹಾಕಿದ ಲುಂಗಿಯ ಹಾಗೆ ಕಂಡರೆ ಕಾಣಲಿ.
ಹೊಳೆ ಮರಳನ್ನು ಎರಡು ಸಲ ಜರಡಿ ಹಿಡಿದೆ.
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಉಸಿರು ಬಿಗಿಹಿಡಿದೆ.
ಬಿಲ್ಲೆಗೂ ಬಿಲ್ಲೆಗೂ ಬೆಂಕಿಕಡ್ಡಿಯಷ್ಟು ಸಂದು,
ಗೋಡೆಯ ಸುತ್ತ ಕಿರುಬೆರಳಿನುಗುರಷ್ಟು,
ಅದರಲ್ಲಿ ರಬ್ಬರಿನ ಮೆತ್ತನೆ ಅಂಟು.
ಹಿಗ್ಗಲಿ ಈಗ ಎಷ್ಟು ಬೇಕೋ ಅಷ್ಟು.

ಲೆಕ್ಕದ ಚೀಟಿ ಕೊಟ್ಟೆ.
ಕನ್ನಡಕದ ಮುರಿದ ಕಡ್ಡಿ ಕಿವಿಗೊತ್ತಿ
ಓದಿದರು: ಬಿಲ್ಲೆ, ಸಿಮೆಂಟು, ಅಂಟು, ಕೂಲಿ.
‘ಮರಳಿನದು ಬರೆದಿಲ್ಲ.’
ಅದರ ದುಡ್ಡು ಮುಂಚೇನೇ ಬಂದಿದೆಯಮ್ಮ.

ಚೀಟಿ ತಿರುಗಿಸಿ ಹಿಂಬದಿಯನ್ನೂ ನೋಡಿ,
‘ಬಡ್ಡಿ?’ ಅಂದರು.

ಗೋಡೆಯಾಚೆ ಬುಡೇನ್‌ಸಾಬ್,
ಕೊಟ್ಟ ಮಾತಿಗೆ ಇನ್ನೂ ಅರ್ಧ ದಿನ ಇರುವಾಗಲೇ,
ಹೊಟ್ಟು ಸುರಿಯುತ್ತಿದ್ದ.