ಮುನ್ನೂರು ಗ್ರಾಂ ಕಮ್ಮಿ

ಭಾಗ್ಯವಂತಿ ಬಂದು ಲೇಥಿನ ಮುಂದ ನಿಂತಾಗ
ನಾ ಒಂದು ಬುಶ್ ಕೊರೀಲಿಕ್ಕತ್ತಿದ್ದೆ.
"ಮಶಾಕ ಕಾಕಾ, ಒಂದು ಬಂದೂಕು ಬೇಕು.
ಹಾರಬಾರದು. ತೂಕ ಮಾತ್ರ ಖರೇದೇ ಇರಬೇಕು."

ಎನ್‌ಸಿಸಿ ಹುಡುಗಿ. ದಿಲ್ಲಿ ಪರೇಡಿಗೆ ಕಲಬುರಗಿದಾಗ ಆರಸ್ತಾರಂತ,
ಇನ್ನು ನಲವತ್ತು ದಿನ.
ಶಾಲಿ ಬಂದೂಕು ಆರೂ ವಾಪಸ್ ಒಯ್ದಾರ,
ಈಕಿ ಬಡಿಗಿ ಹಿಡಕೊಂಡು ಕವಾಯತ್ ಮಾಡ್ತಾಳ.
ಬಡಿಗಿ ಹೊತ್ತ ಹೆಗಲು ಸುಳ್ಳು ಕಲೀತದ, ಅಂತಾಳ.
ಮುಷ್ಟಿ ಬಿಚ್ಚಿದಳು: ಸಾವಿರದ ನೂರಾ ಎಪ್ಪತ್ತು ರೂಪಾಯಿ.

ಹೈದರಾಬಾದಿನ ಗುಜರಿಯಿಂದ ಬಂತು ಹಿಂದಿನ ಕಟ್ಟಿಗಿ,
ಪೊಲೀಸ್ ಲಿಲಾವಿನ ಮಾಲು, ತ್ರೀ ನಾಟ್ ತ್ರೀದ್ದು, ಆರುನೂರು.
ಮುಂದಿನ ಕಟ್ಟಿಗಿ ಮತ್ತೊಂದರದ್ದು, ಬಣ್ಣ ಬ್ಯಾರೆ,
ಹೊಸಾ ಬೀಗರಂಗ ಎರಡು ದಿನ ಮಾತಾಡಲಿಲ್ಲ.
ನಳಿಗಿ ಅಂದ್ರ ಹ್ಯಾಂಡ್‌ಪಂಪಿನ ರಾಡು, ಇಡೀ ಘಟ್ಟಿ,
ತೂತೇ ಇಲ್ಲ.
ಬೋಲ್ಟು, ಬಂದಾದ ಫ್ಯಾಕ್ಟರಿ ಗೇಟಿನ ಅಗಳಿ.
ಆ ಗೇಟಿನಾಗ ಇಪ್ಪತ್ತೆಂಟು ವರ್ಷ ಒಳಗ ಹೋಗಿ ಹೊರಗ ಬಂದೀನಿ.

ಅಲ್ಲಿ ಏನು ಮಾಡ್ತಿದ್ದಿ ಅಂತ ಕೇಳಬ್ಯಾಡ್ರಿ.
ನಕ್ಷೆ ಬರ್ತಿತ್ತು, ಅರ್ಧ ಸೂತು ತಪ್ಪದಂಗ ಕಡೀತಿದ್ದೆ,
ಪೆಟ್ಟಿಗಿ ತುಂಬಿ ಶಹಾಬಾದ ಟೇಶನ್ನಿನಾಗ ಗೂಡ್ಸ್ ಹತ್ತಿ
ವಾಡಿ ಕಡಿ ಹೋಗ್ತಿತ್ತು.
ಯಾವ ಯಂತ್ರದ ಯಾವ ಕೀಲು, ಯಾರೂ ಹೇಳಲಿಲ್ಲ.
ಅರವತ್ತೆರಡರಾಗ, ತಲಿಯಿಂದ ಕಾಲತನ ನಾನೇ ಕೂಡಿಸಿದ
ಮೊದಲನೇ ಸಾಮಾನು ಇದು,
ಇದೂ ಎಂದೂ ನಡೀಬಾರದು ಅಂತ ಮಾಡಿದ್ದು.

ಹಿಂದಿನ ತಗಡು ಬಿಚ್ಚಿದಾಗ ಕಟ್ಟಿಗಿ ಮ್ಯಾಲ ಗೀರು ಕಂಡವು,
ಹದಿನೇಳು, ಮೊಳಿಲೆ ಎಳದಂಗ.
"ಏನ್ ಎಣಿಸ್ಯಾರ ಕಾಕಾ?"
"ರಜಾದ ದಿನ," ಅಂದೆ.
ಉಳದ ಕಡಿ ಎಲ್ಲಾ ಪಾಲಿಶ್ ಕಾಗದ ತಿಕ್ಕಿದೆ.
ಅಲ್ಲಿ ಕೈ ಹೋಗಲಿಲ್ಲ.

ಠಾಣೆದ ಹಣಮಂತ್ರಾಯ ಬಂದ.
"ಓಣ್ಯಾಗ ಬಂದೂಕು ಮಾಡ್ಲಿಕ್ಕತ್ತೀ ಅಂತ ಸುದ್ದಿ ಅದ."
ನಳಿಗಿ ಬಾಯಿಗೆ ಕಣ್ಣಿಟ್ಟ. ಕಡ್ಡಿ ಹಾಕಿ ನೋಡಿದ, ಹೋಗಲಿಲ್ಲ.
ಚಹಾ ಕುಡದು, "ತುದಿಗೆ ಕೆಂಪು ಬಳಿ,
ಹೆಡ್‌ಮಾಸ್ತರ್ ಚೀಟಿ ಇಟಗೋ" ಅಂದ.
ಹೋಗೋವಾಗ ಒಮ್ಮೆ ಹೆಗಲಿಗೆ ಹಾಕ್ಕೊಂಡು,
ಸೆಟೆದು ನಿಂತು, ನಾಚಿ, ಇಳಿಸಿದ.

ರೇವಣಸಿದ್ದಪ್ಪನ ಕಿರಾಣಿ ತಕ್ಕಡಿ ಮ್ಯಾಲ
ಬೆಲ್ಲದ ಜಾಗಾದಾಗ ಅಡ್ಡ ಮಲಗಿಸಿದಿವಿ.
ಮೂರು ಕಿಲೋ ಏಳುನೂರು. ಬೇಕಾದದ್ದು ನಾಕು.
ಸೀಸಕ್ಕ ರೊಕ್ಕ ಇಲ್ಲ,
ಪರ್ಸಿ ಚೂರು ಹಾಕಿದರ ಕಟ್ಟಿಗಿ ಸೀಳ್ತದ.
ಆಕಿ ಅವ್ವ ಗಡಿಗಿಯಿಂದ ಒಂದು ಗಂಟು ತಂದಳು:
ಚಾರಾಣೆ, ನೂರಾ ಆರು.
ಬ್ಯಾಂಕಿನವರೂ ಒಲ್ಲೆ ಅಂದದ್ದು.
ಎಣ್ಣಿ ಬಾಟಲಿ ಇಡೋ ಪೊಳ್ಳಿನಾಗ ಒಂದೊಂದೇ ಸುರುವಿದಿವಿ,
ನಡೀದ ಬಂದೂಕಿನಾಗ ನಡೀದ ರೊಕ್ಕ.
ಚಿಂದಿ ತುರುಕಿದರೂ ಸದ್ದು ನಿಲ್ಲಲಿಲ್ಲ.
ನಸುಕಿನಾಗ ಮೈದಾನದ ಕಡಿಂದ ಆಕಿ ದನಿ, "ಬಾಜೂ ಶಸ್ತ್ರ್!"
ಹಿಂದೇ ಝಲ್.
ನಮ್ಮಾಕಿ ಹಾಸಿಗ್ಯಾಗೇ ನಗ್ತಿದ್ದಳು.

ಕಲಬುರಗಿಯಿಂದ ಸಂಜಿ ಪ್ಯಾಸೆಂಜರಿಗೆ ತಿರುಗಿ ಬಂದಳು.
ಕವಾಯತಿನಾಗ ತಪ್ಪಿಲ್ಲಂತ.
ಎತ್ತರ ಅರ್ಧ ಇಂಚು ಕಮ್ಮಿ ಬಿತ್ತಂತ.
ನಾಕು ಸೂತು.
ಅದಕ್ಕ ನನ್ನ ಹಂತ್ಯಾಕ ಸಾಮಾನಿಲ್ಲ.

ಬ್ಯಾಸಿಗಿ ಪೂರಾ ಮೂಲ್ಯಾಗ ನಿಂತಿತ್ತು.
ನಿನ್ನೆ ಆಕೀನೇ ಒಂದು ಹುಡುಗಿನ್ನ ಕರಕೊಂಡು ಬಂದಳು,
ಎಂಟನೇತ್ತಾಕಿ, ತೋಳು ಶ್ಯಾವಿಗಿ.
"ಈಕಿಗೆ ಭಾಳ ಭಾರ ಆಗ್ತದ ಕಾಕಾ, ಸ್ವಲ್ಪ ತಗೀರಿ.
ತಿಂಗಳಿಗೆ ಇಪ್ಪತ್ತರಂಗ ವಾಪಸ್ ಹಾಕೋಣು."
ತಗಡಿನ ಸ್ಕ್ರೂ ಎರಡೂ ಬಿಚ್ಚಿದೆ.
ಅರವತ್ತು ಎಣಿಸಿ ಚಹಾಪುಡಿ ಡಬ್ಬಿಗೆ ಹಾಕಿ
ಮ್ಯಾಲ ಆ ಹುಡುಗಿ ಹೆಸರು ಬರದು ಇಟ್ಟೀನಿ.