ಶನಿವಾರ ರಾತ್ರಿಗೊಂದು ಸಿನಿಮಾ ಕೇಳಿದವಳಿಗೆ

ಮೊದಲು ಬಾಗಿಲು ಹಾಕಮ್ಮ.
ಬೋರಾ ಗಾಳಿ ಟ್ರಿಯೆಸ್ತೆಯನ್ನೇ ಗುಡಿಸಿ
ಸಮುದ್ರಕ್ಕೆ ಹಾಕುವ ಹಾಗಿದೆ.
ಬೆಳಗ್ಗೆ ಮೀನಂಗಡಿಯ ಫಲಕ
ಚರ್ಚಿನ ಮೆಟ್ಟಿಲ ಮೇಲೆ ಬಿದ್ದಿತ್ತು.
ಹಾಂ, ಏನು ಬೇಕೆಂದೆ?
ನೋಡಿದ ಮೇಲೂ ಬಿಟ್ಟು ಹೋಗದಂಥದ್ದು.

ಎಲ್ಲರೂ ಹೀಗೇ ಕೇಳುತ್ತಾರೆ,
ಐಸ್‌ಕ್ರೀಮಿನಲ್ಲಿ ಪಿಸ್ತಾ ಕೇಳಿದಷ್ಟು ಸಲೀಸಾಗಿ.
ಈ ಡುಯೀಲ್ಯೊ ಹಾಗೆಲ್ಲ ಕೊಡುವುದಿಲ್ಲ.
ಒಬ್ಬಳೇ ಇರುವುದೊ? ಎಷ್ಟನೇ ಮಹಡಿ?
ಮಲಗುವ ಕೋಣೆಯ ಕನ್ನಡಿ
ಬಾಗಿಲಿಗೆ ಎದುರಾಗಿದೆಯೊ?
ನಗಬೇಡ. ಡಾಕ್ಟರೂ ಕೇಳುತ್ತಾರಲ್ಲ,
ಯಾವ ಔಷಧಿ ಒಗ್ಗುವುದಿಲ್ಲವೆಂದು.

ರಕ್ತ ಬೇಕಿದ್ದರೆ ಕೆಳಗಿನ ಸಾಲು.
ಅವು ಪಾಪದವು.
ಕಿರುಚಿ ಕಿರುಚಿ ದಣಿದು
ದೀಪ ಹಾಕಿದೊಡನೆ ಸತ್ತುಹೋಗುತ್ತವೆ.
ನೀನು ಕೇಳುವುದು ಇಲ್ಲಿದೆ, ಎದೆಯ ಮಟ್ಟಕ್ಕೆ.
ಇವು ಸದ್ದು ಮಾಡುವುದಿಲ್ಲ.
ಗಂಟಲಿಳಿಯಿತೆಂದುಕೊಂಡ ಮೀನಿನ ಮುಳ್ಳು
ಗುರುವಾರ ಯಾರೊಡನೆಯೊ ಮಾತಾಡುವಾಗ
ಚುಚ್ಚುತ್ತದೆ ನೋಡು, ಹಾಗೆ.

ಇದು ಡೆನ್ಮಾರ್ಕಿನದು. ಒಂದು ಮನೆ, ನಾಲ್ಕು ಜನ.
ಊಟಕ್ಕೆ ಐದು ತಟ್ಟೆ ಇಡುತ್ತಾರೆ.
ಯಾರೂ ಬರುವುದಿಲ್ಲ. ಯಾರೂ ಆ ಮಾತೆತ್ತುವುದಿಲ್ಲ.
ಉಪ್ಪು ಕೊಡು, ಬ್ರೆಡ್ಡು ಕೊಡು,
ನಾಳೆ ಹಿಮ ಬೀಳಬಹುದು.
ಮರುದಿನ ಆರು ತಟ್ಟೆ.
ಮೇಜು ಸಾಲದೆ ನೆಲಕ್ಕೆ, ನೆಲ ಸಾಲದೆ ಅಂಗಳಕ್ಕೆ,
ಬೆಳ್ಳನೆ ಹಿಮದಲ್ಲಿ ಬೆಳ್ಳನೆ ತಟ್ಟೆ.
ಅಷ್ಟೇ ಕತೆ.
ಬಂದರಿನ ಕ್ರೇನ್ ಓಡಿಸುವವನೊಬ್ಬ,
ಕರಡಿಯಂಥ ಆಳು, ವಾಪಸು ತಂದಾಗ
ಮೆಲ್ಲಗೆ ಹೇಳಿದ: ಈಗೀಗ ಚಮಚ ಎಣಿಸುತ್ತೇನೆ.

ಇದು ಪೋಲೆಂಡಿನ ಶಾಲೆ.
ಮೇಷ್ಟ್ರು ಹಾಜರಿ ಕರೆಯುತ್ತಾರೆ,
ಒಂದು ಹೆಸರಿಗೆ ಮಾತ್ರ ಉತ್ತರವಿಲ್ಲ.
ಪೆನ್ನು ಕೆಳಗಿಡದೆ ಕಾಯುತ್ತಾರೆ.
ಕ್ಯಾಮೆರಾ ಅಲುಗುವುದಿಲ್ಲ.
ಮಕ್ಕಳು ಒಬ್ಬೊಬ್ಬರೇ ತಿರುಗಿ
ಪರದೆಯಾಚೆಗೆ ನೋಡತೊಡಗುತ್ತಾರೆ, ನಿನ್ನ ಕಡೆಗೆ.
ನನಗಾಗ ನಲವತ್ತು ದಾಟಿತ್ತು.
ಸೋಫಾದಲ್ಲಿ ಕೂತು, ಕೈಯಲ್ಲಿ ಕಿತ್ತಳೆ ತೊಳೆ,
'ಹಾಜರ್' ಅಂದುಬಿಟ್ಟೆ.
ಅಡುಗೆಮನೆಯಿಂದ ಮಗಳು ಕೇಳಿದಳು,
ಯಾರಿಗಪ್ಪಾ?

ಅದು ಬೇಡ. ಬೆಲ್ಜಿಯಂನದು.
ಅದರಲ್ಲಿ ನಾಯಿಗೆ ಏನೂ ಆಗುವುದಿಲ್ಲ,
ಆದರೆ ನಾಯಿ ಎಲ್ಲವನ್ನೂ ನೋಡಿದೆ.

ಆ ಖಾಲಿ ಜಾಗವೊ?
ಅಲ್ಲಿದ್ದದ್ದನ್ನು ನೆರೀನಾ ಒಯ್ದಳು,
ನಾಟಕಶಾಲೆಯಲ್ಲಿ ಉಡುಪು ಹೊಲಿಯುತ್ತಿದ್ದವಳು.
ಒಂದು ವಾರ, ಒಂದು ವರ್ಷ, ಏಳು ವರ್ಷ.
ಫೋನ್ ಮಾಡಿದಾಗೆಲ್ಲ ಒಂದೇ ಮಾತು:
ಇನ್ನೂ ಮುಗಿದಿಲ್ಲ, ಡುಯೀಲ್ಯೊ.
ತೊಂಬತ್ತೆಂಟು ನಿಮಿಷದ ಸಿನಿಮಾ!
ಅವಳು ಹೋದ ಮೇಲೆ ಅಕ್ಕನ ಮಗ
ಹೊಲಿಗೆ ಡಬ್ಬಿಯಲ್ಲಿಟ್ಟು ತಂದುಕೊಟ್ಟ.
ಟೇಪು ನಲವತ್ತೊಂದನೇ ನಿಮಿಷಕ್ಕೆ ನಿಂತಿತ್ತು.
ಕಿಟಕಿಯ ಮುಂದೆ ಹೆಂಗಸು, ನಮಗೆ ಬೆನ್ನು.
ನಾಲ್ಕು ಸಲ ನೋಡಿದ್ದೆ ನಾನು.
ಆಮೇಲೆ ಅವಳು ತಿರುಗುತ್ತಾಳೆಂದು
ಆಣೆ ಮಾಡಿ ಹೇಳುತ್ತಿದ್ದೆ; ಆ ಮುಖ,
ಹುಬ್ಬಿನ ಮೇಲಿನ ಗಾಯದ ಗುರುತು ಸಮೇತ
ಕಣ್ಣಿಗೆ ಕಟ್ಟಿತ್ತು.
ಅಲ್ಲಿಂದ ಮುಂದಕ್ಕೆ ಓಡಿಸಿದೆ.
ತಿರುಗುವುದೇ ಇಲ್ಲ.
ಕೊನೆಯವರೆಗೂ ತಿರುಗುವುದಿಲ್ಲ.

ಹಾಗಾದರೆ ನಾನು ನೋಡಿದ್ದು ಯಾರನ್ನು?

ಟೇಪನ್ನು ಮತ್ತೆ ನಲವತ್ತೊಂದಕ್ಕೇ ತಂದು ನಿಲ್ಲಿಸಿದ್ದೇನೆ.
ಗಲ್ಲಾಪೆಟ್ಟಿಗೆಯ ಕೆಳಗಿದೆ. ಬಾಡಿಗೆಗಿಲ್ಲ.

ನಿನಗೆ ಡೆನ್ಮಾರ್ಕ್ ಸಾಕು.
ಮೂರು ದಿನ; ಮಂಗಳವಾರ ಏಳರೊಳಗೆ ತಾ.
ಹೇಗಿತ್ತೆಂದು ನಾನು ಕೇಳುವುದಿಲ್ಲ,
ನೀನು ಬಾಗಿಲು ತೆರೆಯುವ ರೀತಿಯಲ್ಲೇ ಗೊತ್ತಾಗುತ್ತದೆ.
ಚೀಲದೊಳಗೆ ಇಟ್ಟುಕೊ, ಗಾಳಿ.
ಮೂಲೆಯಿಂದ ಚೌಕದವರೆಗೆ ಹಗ್ಗ ಕಟ್ಟಿದ್ದಾರೆ,
ಹಿಡಿದುಕೊಂಡೇ ಹೋಗು.
ಮುಂದೆ ಹೋಗುವವರ ಬೆನ್ನು ಕಂಡರೆ
ಕರೆಯಬೇಡ.